ನೋಡುವುದು, ನೋಡಿಕೊಳ್ಳುವುದು

ಕನ್ನಡದ ‘ನೋಡು’ ಎಂಬ ಕ್ರಿಯಾಪದಕ್ಕೆ ‘ಕೊಳ್ಳು’ ಸೇರಿದೊಡನೆ ಅದರ ಅರ್ಥವೇ ಬದಲಾಗಿಬಿಡುತ್ತದೆ. ವೈದ್ಯರು ರೋಗಿಯನ್ನು ನೋಡುತ್ತಾರೆ. ಮನೆಯವರು ರೋಗಿಯನ್ನು ನೋಡಿಕೊಳ್ಳುತ್ತಾರೆ. ಮೊದಲನೆಯದು ಅರೆಗಳಿಗೆಯಲ್ಲಿ ಮುಗಿಯಬಹುದಾದ ಕಣ್ಣಿನ ಕೆಲಸ. ಎರಡನೆಯದು ವರ್ಷಗಟ್ಟಲೆ ಹೊರಬೇಕಾದ ಹೊಣೆ. ಹಾಗಿದ್ದೂ ನಮ್ಮ ಹಿರಿಯರು ಎರಡನ್ನೂ ಒಂದೇ ಧಾತುವಿನಿಂದ ಹುಟ್ಟಿಸಿದರು. ‘ಕಾಣು’ ಎಂಬುದರಿಂದ ‘ಕಾಣಿಕೆ’ ಬಂದ ಬಗೆಯೂ ಇಂಥದೇ: ಹಿರಿಯರನ್ನು ಕಾಣಲು ಹೋಗುವವರು ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಒಬ್ಬರನ್ನು ಕಂಡ ಮೇಲೆ ಅವರಿಗೆ ಏನನ್ನಾದರೂ ಸಲ್ಲಿಸಬೇಕು ಎಂಬ ಭಾವ ಈ ಮಾತುಗಳ ಬುಡದಲ್ಲಿಯೇ ಇದೆ.

ರೋಗವನ್ನು ನೋಡುವ ಶಕ್ತಿ ನಮ್ಮ ಕಾಲದಲ್ಲಿ ಬೆಳೆದಷ್ಟು ಹಿಂದೆಂದೂ ಬೆಳೆದಿರಲಿಲ್ಲ. ಅದರ ಬಹುಪಾಲು ಕೀರ್ತಿ ‘ಪ್ರತಿದೀಪ್ತಿ’ ಎಂಬ ಗುಣವುಳ್ಳ ಕೆಲವು ಸಾವಯವ ಅಣುಗಳಿಗೆ ಸಲ್ಲಬೇಕು. ಹೀಗೆ ಹೆಚ್ಚಾದ ನೋಟಕ್ಕೆ ತಕ್ಕಂತೆ ನೋಡಿಕೊಳ್ಳುವ ಹೊಣೆಯೂ ಹೆಚ್ಚಾಯಿತೆ? ಔಷಧವಿಲ್ಲದ ರೋಗವನ್ನು ಕಂಡುಹಿಡಿಯುವುದು ಉಪಕಾರವೋ ಅಪಕಾರವೋ? ವಯನಾಡಿನ ಗಡಿಯಲ್ಲಿ, ಕಬಿನಿಯ ಸೀಮೆಯಲ್ಲಿರುವ ಕೊಳವಳ್ಳಿಯಂಥ ಊರನ್ನು ಕಣ್ಣ ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ವಿಚಾರಿಸುವುದು ಈ ಬರಹದ ಉದ್ದೇಶ. ಪ್ರಯೋಗಾಲಯದ ಬೆಳಕು ಕೊನೆಗೆ ತಲುಪಬೇಕಾದ ಜಾಗ ಇಂಥ ಊರುಗಳೇ ಆದ್ದರಿಂದ ಪ್ರಶ್ನೆಯನ್ನು ಅಲ್ಲಿಂದಲೇ ಕೇಳುವುದು ನ್ಯಾಯ.

ಮೊದಲು ಪ್ರತಿದೀಪ್ತಿಯ ಪರಿಚಯ ಮಾಡಿಕೊಳ್ಳೋಣ. ಅಂಗಡಿಯಲ್ಲಿ ನೋಟು ಪರೀಕ್ಷಿಸುವ ನೇರಳಾತೀತ ದೀಪವನ್ನು ಅನೇಕರು ನೋಡಿರುತ್ತಾರೆ. ಹಗಲಿನಲ್ಲಿ ಕಾಣದ ಗುರುತುಗಳು ಅದರಡಿ ಹೊಳೆಯುತ್ತವೆ. ಅಡುಗೆಮನೆಯ ಅರಿಶಿನವನ್ನು ಸ್ಪಿರಿಟ್‌ನಲ್ಲಿ ಕದಡಿ ಅದೇ ದೀಪದ ಕೆಳಗೆ ಹಿಡಿದರೆ ಹಸಿರು ಮಿಶ್ರಿತ ಹಳದಿ ಕಾಂತಿ ಹೊರಡುತ್ತದೆ. ಎಲೆಯ ಹಸಿರನ್ನು ಹಾಗೆಯೇ ಕದಡಿದರೆ ಕೆಂಪು ಹೊಳಪು. ರಸಾಯನಶಾಸ್ತ್ರದಲ್ಲಿ ‘ಸಾವಯವ’ ಎಂದರೆ ಇಂಗಾಲದ ಚೌಕಟ್ಟಿನ ಮೇಲೆ ಕಟ್ಟಲ್ಪಟ್ಟ ಅಣುಗಳು. ಅರಿಶಿನದ ಕರ್ಕ್ಯುಮಿನ್ ಅವುಗಳಲ್ಲೊಂದು. ಇಂಥ ಅಣು ತನ್ನ ಮೇಲೆ ಬಿದ್ದ ಬೆಳಕನ್ನು ಹೀರಿ ಕ್ಷಣಕಾಲ ಉದ್ರಿಕ್ತವಾಗುತ್ತದೆ, ಹೀರಿದ್ದರಲ್ಲಿ ಸ್ವಲ್ಪವನ್ನು ಶಾಖವಾಗಿ ಕಳೆದುಕೊಳ್ಳುತ್ತದೆ, ಉಳಿದುದನ್ನು ಇನ್ನೊಂದು ಬಣ್ಣದ ಬೆಳಕಾಗಿ ಹಿಂದಿರುಗಿಸುತ್ತದೆ. ಇಷ್ಟೆಲ್ಲ ನಡೆಯಲು ಬೇಕಾಗುವುದು ಕೆಲವೇ ನ್ಯಾನೋಸೆಕೆಂಡು. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಸೆಕೆಂಡು. ಪಡೆದ ಬಣ್ಣ ಬೇರೆ, ಕೊಟ್ಟ ಬಣ್ಣ ಬೇರೆ ಆದುದರಿಂದ ಮೊದಲಿನದನ್ನು ಗಾಜಿನ ಶೋಧಕದಿಂದ ತಡೆದು ಎರಡನೆಯದನ್ನಷ್ಟೇ ನೋಡಬಹುದು. ಕತ್ತಲ ಹಿನ್ನೆಲೆಯಲ್ಲಿ ನಮಗೆ ಬೇಕಾದ ಚುಕ್ಕೆ ಮಾತ್ರ ಮಿನುಗುವುದು ಇದರಿಂದಲೇ.

ಈ ಗುಣದ ಅಧ್ಯಯನ ಆರಂಭವಾದುದು ಒಂದು ಔಷಧದಿಂದ. ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯಿಂದ 1820ರಲ್ಲಿ ಪೆಲೆತಿಯೇ ಮತ್ತು ಕವೆಂತೂ ಎಂಬ ಫ್ರೆಂಚ್ ವಿಜ್ಞಾನಿಗಳು ಕ್ವಿನೈನನ್ನು ಬೇರ್ಪಡಿಸಿದರು. ಅದರ ದ್ರಾವಣ ಬಿಸಿಲಿನಲ್ಲಿ ನೀಲಿಯಾಗಿ ಹೊಳೆಯುವುದನ್ನು 1845ರಲ್ಲಿ ಜಾನ್ ಹರ್ಷೆಲ್ ವರ್ಣಿಸಿದರು. 1852ರಲ್ಲಿ ಜಾರ್ಜ್ ಸ್ಟೋಕ್ಸ್ ಅದರ ಕಾರಣವನ್ನು ವಿವರಿಸಿ ಆ ಗುಣಕ್ಕೊಂದು ಹೆಸರನ್ನೂ ಇಟ್ಟರು. ಹೀಗೆ ಪ್ರತಿದೀಪ್ತಿಯ ಶಾಸ್ತ್ರಕ್ಕೆ ಬಾಗಿಲು ತೆರೆದ ಅಣುವೇ ಮಲೇರಿಯಾದಿಂದ ಲಕ್ಷಾಂತರ ಜೀವಗಳನ್ನು ಉಳಿಸಿದ ಅಣುವೂ ಹೌದು. ಹೊಳೆಯುವ ಗುಣ ಮತ್ತು ಗುಣಪಡಿಸುವ ಗುಣ ಅದರಲ್ಲಿ ಒಟ್ಟಿಗಿದ್ದವು.

ವಯನಾಡಿಗೂ ಈ ಅಣುವಿಗೂ ಹಳೆಯ ನಂಟಿದೆ. ವಯನಾಡಿನ ನೆರೆಯ ನೀಲಗಿರಿಯಲ್ಲಿ 1860ರ ದಶಕದಿಂದ ಬ್ರಿಟಿಷ್ ಸರ್ಕಾರ ಸಿಂಕೋನಾ ತೋಟಗಳನ್ನು ಬೆಳೆಸಿತು; ಗೂಡಲೂರಿನ ಮೇಲಣ ನಡುವಟ್ಟಂನಲ್ಲಿ ಕ್ವಿನೈನ್ ತಯಾರಿಕೆಯೂ ನಡೆಯಿತು. ಮಲಬಾರ್ ಜಿಲ್ಲೆಗೆ ಸೇರಿದ್ದ ಅಂದಿನ ವಯನಾಡು ಮಲೇರಿಯಾದ ತವರೆನಿಸಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮತ್ತು ಆಮೇಲೆ ತಿರುವಾಂಕೂರಿನಿಂದ ಬಂದು ಕಾಡು ಕಡಿದು ನೆಲೆಸಿದ ಕುಟುಂಬಗಳೂ, ಅವರಿಗಿಂತ ಬಹು ಮೊದಲೇ ಇಲ್ಲಿದ್ದ ಪಣಿಯ, ಕುರುಮ, ಕಾಟ್ಟುನಾಯಕ ಸಮುದಾಯಗಳೂ ಆ ಜ್ವರದ ಚಳಿಯನ್ನು ಅನುಭವಿಸಿದವರೇ. ಅವರ ಬಾಯಿಗೆ ಕಹಿಯಾಗಿ ಇಳಿದ ಆ ಪುಡಿಯೇ ಯೂರೋಪಿನ ವಿಜ್ಞಾನಿಯ ಗಾಜಿನ ನಳಿಗೆಯಲ್ಲಿ ನೀಲಿಯಾಗಿ ಹೊಳೆದಿತ್ತು.

ಅನಂತರದ ಕಾಲದಲ್ಲಿ ತೋರಿಸುವ ಅಣುಗಳೂ ಗುಣಪಡಿಸುವ ಅಣುಗಳೂ ಬೇರೆ ಬೇರೆ ದಾರಿ ಹಿಡಿದವು. ಅಡಾಲ್ಫ್ ಫಾನ್ ಬೇಯರ್ 1871ರಲ್ಲಿ ಫ್ಲೋರೆಸೀನ್ ಎಂಬ ಬಣ್ಣವನ್ನು ತಯಾರಿಸಿದರು. ಅದು ಯಾವ ರೋಗವನ್ನೂ ವಾಸಿ ಮಾಡುವುದಿಲ್ಲ, ತೋರಿಸುತ್ತದೆ ಅಷ್ಟೆ. ಮಧುಮೇಹದಿಂದ ಕಣ್ಣು ಮಂಜಾದವರಲ್ಲಿ ಕೆಲವರಿಗೆ ತೋಳಿನ ರಕ್ತನಾಳದ ಮೂಲಕ ಈ ಬಣ್ಣವನ್ನು ಕೊಟ್ಟು ಅಕ್ಷಿಪಟದ ಚಿತ್ರ ತೆಗೆಯುತ್ತಾರೆ. ಹತ್ತು ಹದಿನೈದು ಸೆಕೆಂಡುಗಳಲ್ಲಿ ಬಣ್ಣ ಕಣ್ಣನ್ನು ತಲುಪುತ್ತದೆ, ರಕ್ತನಾಳ ಎಲ್ಲಿ ಸೋರುತ್ತಿದೆಯೋ ಅಲ್ಲಿ ಹಸಿರು ಕಲೆ ಮೂಡುತ್ತದೆ. ಕೋವಿಡ್ ಕಾಲದಲ್ಲಿ ಮನೆಮನೆಯ ಮಾತಾಗಿದ್ದ ಆರ್‌ಟಿ-ಪಿಸಿಆರ್ ಪರೀಕ್ಷೆಯಲ್ಲಿಯೂ ಇಂಥ ಬಣ್ಣಗಳೇ ದುಡಿದವು. ವರದಿಯಲ್ಲಿ ಕಾಣುತ್ತಿದ್ದ ‘ಸಿಟಿ ಮೌಲ್ಯ’ ಎಂದರೆ ಎಷ್ಟನೆಯ ಆವರ್ತದಲ್ಲಿ ಆ ಬಣ್ಣದ ಹೊಳಪು ಗೊತ್ತಾದ ಮಟ್ಟವನ್ನು ದಾಟಿತು ಎಂಬ ಲೆಕ್ಕ. ನಮ್ಮಲ್ಲಿ ಎಷ್ಟೋ ಮಂದಿ ಪ್ರತಿದೀಪ್ತಿಯ ಹೆಸರು ಕೇಳದೆಯೇ ಅದರ ತೀರ್ಪಿಗೆ ಕಾದು ಕುಳಿತಿದ್ದೆವು.

ಈಗ ನೈತಿಕ ಪ್ರಶ್ನೆಗೆ ಬರೋಣ. ‘ವಿಜ್ಞಾನಿಯ ಧರ್ಮ ಸತ್ಯವನ್ನು ಕಾಣುವುದು, ಕಂಡದ್ದನ್ನು ಏನು ಮಾಡಬೇಕೆಂಬುದು ಸಮಾಜದ, ಸರ್ಕಾರದ ಕೆಲಸ’ ಎಂಬುದು ಒಂದು ವಾದ. ‘ಔಷಧ ಕೈಯಲ್ಲಿಲ್ಲದೆ ರೋಗವನ್ನು ತೋರಿಸುವುದು ಕ್ರೌರ್ಯ’ ಎಂಬುದು ಅದರ ಎದುರು ವಾದ. ಎರಡರಲ್ಲಿಯೂ ಸ್ವಲ್ಪ ಸತ್ಯವಿದೆ. ಯಾವುದೊಂದೂ ಪೂರ್ಣವಲ್ಲ ಎಂಬುದಕ್ಕೆ ಕ್ಷಯರೋಗದ ಚರಿತ್ರೆಯೇ ಸಾಕ್ಷಿ.

ರಾಬರ್ಟ್ ಕೋಕ್ ಕ್ಷಯದ ಬ್ಯಾಕ್ಟೀರಿಯಾವನ್ನು ಬಣ್ಣ ಹಾಕಿ ಕಂಡದ್ದನ್ನು ಲೋಕಕ್ಕೆ ಸಾರಿದ್ದು 1882ರ ಮಾರ್ಚ್ 24ರಂದು. ಅದನ್ನು ಕೊಲ್ಲಬಲ್ಲ ಸ್ಟ್ರೆಪ್ಟೊಮೈಸಿನ್ ಬೆಳಕಿಗೆ ಬಂದದ್ದು 1944ರಲ್ಲಿ. ನಡುವೆ ಅರವತ್ತೆರಡು ವರ್ಷ! ಔಷಧ ಬರುವವರೆಗೆ ನೋಡಬಾರದು ಎಂದಿದ್ದರೆ ಔಷಧವನ್ನು ಯಾವುದರ ಮೇಲೆ ಪರೀಕ್ಷಿಸಬೇಕೆಂಬುದೂ ತಿಳಿಯುತ್ತಿರಲಿಲ್ಲ. ಆದರೆ ಆ ಅರವತ್ತೆರಡು ವರ್ಷ ಜನ ಸುಮ್ಮನೆ ಕಾಯಲಿಲ್ಲ. ಮೈಸೂರಿನಲ್ಲಿ 1921ರಲ್ಲಿ ಕ್ಷಯರೋಗಿಗಳಿಗಾಗಿ ಆರೋಗ್ಯಧಾಮವೊಂದು ಆರಂಭವಾಯಿತು. ಕ್ಷಯದಿಂದಲೇ ತೀರಿಕೊಂಡ, ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು ಅದಕ್ಕೆ ಇಟ್ಟರು. ಇಂದಿಗೂ ಮೈಸೂರಿನವರು ಅದನ್ನು ಪಿಕೆಟಿಬಿ ಎನ್ನುತ್ತಾರೆ. ಅಲ್ಲಿ ಅಂದು ಕೊಡಲು ಸಾಧ್ಯವಿದ್ದುದು ಶುದ್ಧ ಗಾಳಿ, ಪುಷ್ಟಿಕರ ಆಹಾರ, ವಿಶ್ರಾಂತಿ ಮತ್ತು ದಾದಿಯರ ಆರೈಕೆ. ಅರಮನೆಯ ಮಗಳನ್ನೂ ಉಳಿಸಿಕೊಳ್ಳಲಾಗದ ಕಾಲದಲ್ಲಿ ಊರಿನ ಬಡವನನ್ನು ನೋಡಿಕೊಳ್ಳಲು ಒಂದು ಮನೆ ಕಟ್ಟಿದರು. ವಾಸಿ ಮಾಡುವುದು ಆಗದಿದ್ದಾಗಲೂ ನೋಡಿಕೊಳ್ಳುವುದು ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಇಂದು ಸ್ಥಿತಿ ತಲೆಕೆಳಗಾಗಿದೆ. ಕ್ಷಯಕ್ಕೆ ಔಷಧ ಇದೆ, ನೋಡುವ ಸಾಧನವೂ ಇದೆ. ಆರಮೀನ್ ಎಂಬ ಪ್ರತಿದೀಪ್ತ ಬಣ್ಣವನ್ನು ಕಫದ ಲೇಪಕ್ಕೆ ಹಾಕಿದರೆ ಬ್ಯಾಕ್ಟೀರಿಯಾದ ಮೇಣದಂಥ ಹೊರಗೋಡೆ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಎಲ್‌ಇಡಿ ದೀಪದ ಸೂಕ್ಷ್ಮದರ್ಶಕದಡಿ ಅವು ಕಪ್ಪು ನೆಲದ ಮೇಲೆ ಹಳದಿ ಗೆರೆಗಳಾಗಿ ಹೊಳೆಯುತ್ತವೆ. ಕಡಿಮೆ ವರ್ಧನದಲ್ಲಿಯೇ ಕಾಣುವುದರಿಂದ ಕಡಿಮೆ ಸಮಯದಲ್ಲಿ ಹೆಚ್ಚು ಜಾಗವನ್ನು ಪರೀಕ್ಷಿಸಬಹುದು. ಈ ಕಾರಣದಿಂದ ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಇದನ್ನು ಶಿಫಾರಸು ಮಾಡಿತು.

ಕೊಳವಳ್ಳಿಯ ಸೀಮೆಯ ಒಬ್ಬ ಕೂಲಿಕಾರನನ್ನು ಈಗ ಕಲ್ಪಿಸಿಕೊಳ್ಳೋಣ. ಅವನ ಕಫದಲ್ಲಿ ಹಳದಿ ಗೆರೆಗಳು ಕಂಡವು, ಮಾತ್ರೆಗಳು ಸಿಕ್ಕವು. ಚಿಕಿತ್ಸೆ ಕನಿಷ್ಠ ಆರು ತಿಂಗಳು. ಎರಡನೆಯ ತಿಂಗಳಲ್ಲಿ ಕೆಮ್ಮು ಇಳಿಯಿತು, ಮೈಗೆ ಶಕ್ತಿ ಬಂತು. ಅಷ್ಟರಲ್ಲಿ ಗಡಿಯ ಆಚೆ ಮೈಸೂರು, ಕೊಡಗಿನ ಕಡೆ ಗುತ್ತಿಗೆಗೆ ಹಿಡಿದ ಶುಂಠಿ ಹೊಲದಲ್ಲಿ ಕೆಲಸವಿದೆ ಎಂದು ಕರೆ ಬಂತು. ಅವನು ಹೋದ. ಆಚೆ ರಾಜ್ಯ ಬೇರೆ, ಆಸ್ಪತ್ರೆ ಬೇರೆ, ಚೀಟಿಯ ಭಾಷೆ ಬೇರೆ. ಮಾತ್ರೆ ನಿಂತರೆ ರೋಗ ಮರಳುತ್ತದೆ; ಹಾಗೆ ಮರಳುವ ರೋಗ ಔಷಧಕ್ಕೆ ಬಗ್ಗದ ರೂಪ ತಾಳುವ ಅಪಾಯವೂ ಇದೆ. ದೇಶಾದ್ಯಂತ ರೋಗಿಯ ದಾಖಲೆಯನ್ನು ಹಿಂಬಾಲಿಸಲು ‘ನಿಕ್ಷಯ್’ ವ್ಯವಸ್ಥೆ ಇದೆ. ಪೋಷಣೆಗೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಿಂದ 1,000 ರೂಪಾಯಿಗೆ ಏರಿಸಲಾಗಿದೆ. ಇವು ನಿಜಕ್ಕೂ ನೋಡಿಕೊಳ್ಳುವಿಕೆಯ ಅಂಗಗಳೇ. ಆದರೆ ದಾಖಲೆ ತಾನಾಗಿ ನಡೆದು ಶುಂಠಿ ಹೊಲಕ್ಕೆ ಹೋಗುವುದಿಲ್ಲ. ಒಬ್ಬ ಆಶಾ ಕಾರ್ಯಕರ್ತೆಯೋ, ಒಬ್ಬ ಮೇಸ್ತ್ರಿಯೋ, ಒಬ್ಬ ನೆರೆಯವನೋ ‘ಮಾತ್ರೆ ತಂದಿದ್ದೀಯಾ?’ ಎಂದು ಕೇಳಬೇಕಾಗುತ್ತದೆ.

ಎರಡನೆಯ ಉದಾಹರಣೆ ಮಂಗನ ಕಾಯಿಲೆಯದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ಜ್ವರ ಉಣ್ಣೆಗಳ ಮೂಲಕ ಹರಡುತ್ತದೆ. ದಶಕಗಳ ಬಳಿಕ ಅದು ವಯನಾಡಿನ ಕಾಡಂಚನ್ನೂ ಮುಟ್ಟಿತು. 2015ರಲ್ಲಿ ಅಲ್ಲಿನ ಆದಿವಾಸಿ ಹಾಡಿಗಳು ಅದರಿಂದ ಬಹಳ ನೊಂದವು. ಕಾಯಿಲೆಯ ಮೊದಲ ದಿನಗಳಲ್ಲಿಯೇ ವೈರಸ್ಸನ್ನು ಗುರುತಿಸಬಲ್ಲ ಪಿಸಿಆರ್ ಪರೀಕ್ಷೆಯಲ್ಲಿ ಹೊಳೆಯುವುದೂ ಇಂಥ ಬಣ್ಣಗಳೇ. ಆದರೆ ಈ ವೈರಸ್ಸನ್ನೇ ಕೊಲ್ಲುವ ನಿರ್ದಿಷ್ಟ ಔಷಧವಿಲ್ಲ. ಹಾಗಾದರೆ ಕಂಡದ್ದರಿಂದ ಪ್ರಯೋಜನವೇನು? ಪ್ರಯೋಜನ ದೊಡ್ಡದು: ರೋಗಿಗೆ ದ್ರವಾಹಾರ, ರಕ್ತಸ್ರಾವದ ಮೇಲೆ ನಿಗಾ, ಹಾಡಿಯ ಉಳಿದವರಿಗೆ ಎಚ್ಚರಿಕೆ. ಇವು ಜೀವ ಉಳಿಸಬಲ್ಲವು. ತೊಡಕು ಇರುವುದು ಮುಂದಿನ ಹೆಜ್ಜೆಯಲ್ಲಿ. ‘ಮಂಗ ಸತ್ತ ಕಾಡಿಗೆ ಹೋಗಬೇಡಿ’ ಎಂದು ಹೇಳುವುದು ಸುಲಭ. ಜೇನು, ಸೌದೆ, ಕಿರು ಉತ್ಪನ್ನಗಳಿಂದ ಬದುಕುವವರಿಗೆ ಆ ದಿನಗಳ ಅನ್ನ ಎಲ್ಲಿಂದ ಬರಬೇಕು ಎಂಬುದನ್ನು ಯೋಚಿಸದೆ ಹೇಳಿದರೆ ಎಚ್ಚರಿಕೆಯೂ ಒಂದು ಹೊರೆಯಾಗುತ್ತದೆ. ಇಲ್ಲಿ ನೋಡಿಕೊಳ್ಳುವುದೆಂದರೆ ಔಷಧಕ್ಕಿಂತ ಮೊದಲು ಪಡಿತರ.

ಮೂರನೆಯ ಉದಾಹರಣೆ ಅತ್ಯಂತ ಕಠಿಣವಾದದ್ದು, ಆಲ್‌ಝೈಮರ್ ಎಂಬ ಮರೆವಿನ ರೋಗ. ಅದರಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಮಿದುಳಿನಲ್ಲಿ ನಾರುಗಳಾಗಿ ಹೆಪ್ಪುಗಟ್ಟುತ್ತದೆ. ಥಿಯೋಫ್ಲೇವಿನ್-ಟಿ ಎಂಬ ಬಣ್ಣದ ಅಣು ನೀರಿನಲ್ಲಿ ಬಿಡಿಯಾಗಿದ್ದಾಗ ಅದರ ಎರಡು ಭಾಗಗಳು ಗಿರಕಿ ಹೊಡೆಯುತ್ತ ಪಡೆದ ಶಕ್ತಿಯನ್ನು ಕಳೆದುಬಿಡುತ್ತವೆ, ಹೊಳಪು ಮೂಡುವುದಿಲ್ಲ. ಅಮಿಲಾಯ್ಡ್ ನಾರಿನ ಸಂದಿಯಲ್ಲಿ ಸಿಕ್ಕಿಕೊಂಡಾಗ ಗಿರಕಿ ನಿಲ್ಲುತ್ತದೆ, ಅಣು ಬೆಳಗುತ್ತದೆ. ತಲೆಬುರುಡೆಯನ್ನು ದಾಟಿ ಈ ಬೆಳಕು ಹೊರಬರಲಾರದಾದ್ದರಿಂದ ಇದೇ ಬಣ್ಣದ ರಚನೆಯನ್ನು ಮಾರ್ಪಡಿಸಿ, ವಿಕಿರಣಶೀಲ ಗುರುತು ಸೇರಿಸಿ, ಜೀವಂತ ಮಿದುಳಿನ ಪೆಟ್ ಚಿತ್ರಣಕ್ಕೆ ಬಳಸುವ ದಾರಿಯನ್ನು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅದರಿಂದ ತಿಳಿದ ಸಂಗತಿ ಬೆಚ್ಚಿಬೀಳಿಸುವಂಥದು: ಮರೆವು ಶುರುವಾಗುವ ಹದಿನೈದು ಇಪ್ಪತ್ತು ವರ್ಷಗಳ ಮೊದಲೇ ಅಮಿಲಾಯ್ಡ್ ಸೇರತೊಡಗಬಹುದು. ಅದು ಸೇರಿದವರಿಗೆಲ್ಲ ಮರೆವು ಬಂದೇ ಬರುತ್ತದೆ ಎಂದೂ ಇಲ್ಲ. ಈಚಿನ ಔಷಧಗಳು ಕೂಡ ರೋಗವನ್ನು ಒಂದಿಷ್ಟು ನಿಧಾನಗೊಳಿಸುತ್ತವೆ, ವಾಸಿ ಮಾಡುವುದಿಲ್ಲ.

ಐವತ್ತರ ಹರೆಯದ, ಆರೋಗ್ಯವಾಗಿರುವ ಒಬ್ಬ ತಾಯಿಗೆ ಈ ಸಂಗತಿಯನ್ನು ಹೇಳಬೇಕೆ? ತಿಳಿದರೆ ಆಸ್ತಿಪಾಸ್ತಿಯ ವ್ಯವಸ್ಥೆ ಮಾಡಬಹುದು, ಮಕ್ಕಳೊಡನೆ ಮಾತಾಡಬಹುದು, ಉಳಿದ ವರ್ಷಗಳನ್ನು ಮನಸ್ಸಿಟ್ಟು ಬದುಕಬಹುದು ಎನ್ನುವವರಿದ್ದಾರೆ. ಪ್ರತಿ ಸಲ ಬೀಗದ ಕೈ ಎಲ್ಲಿಟ್ಟೆನೆಂದು ಮರೆತಾಗಲೂ ಎದೆ ನಡುಗುವ ಬದುಕನ್ನು ಅವಳಿಗೆ ಏಕೆ ಕೊಡಬೇಕು ಎನ್ನುವವರೂ ಇದ್ದಾರೆ. ಈ ಎರಡರ ನಡುವೆ ತೀರ್ಪು ಕೊಡುವ ಹಕ್ಕು ವೈದ್ಯನಿಗೂ ಇಲ್ಲ, ಮಗನಿಗೂ ಇಲ್ಲ. ಅದು ಆ ತಾಯಿಯದು. ಆದುದರಿಂದ ಇಲ್ಲಿ ಧರ್ಮವು ದೀಪ ಹಚ್ಚುವ ಮೊದಲೇ ಆರಂಭವಾಗಬೇಕು. ‘ನಿಮಗೆ ತಿಳಿಯಬೇಕೆ? ತಿಳಿದ ಮೇಲೆ ನಿಮ್ಮ ಜೊತೆ ಯಾರಿದ್ದಾರೆ?’ ಎಂದು ಮೊದಲು ಕೇಳಬೇಕು. ಎರಡನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಮೊದಲನೆಯದನ್ನು ಕೇಳುವ ಅಧಿಕಾರವೂ ದುರ್ಬಲವಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಪ್ರಕಟಿಸಿದ ನೈತಿಕ ಮಾರ್ಗಸೂಚಿಯಲ್ಲಿ ತಿಳಿವಳಿಕೆಯುಳ್ಳ ಒಪ್ಪಿಗೆಗೆ ಕೊಟ್ಟಿರುವ ಮಹತ್ವ, ಆದಿವಾಸಿಗಳೇ ಮೊದಲಾದ ದುರ್ಬಲ ಸಮುದಾಯಗಳ ಬಗ್ಗೆ ತೋರಿರುವ ವಿಶೇಷ ಕಾಳಜಿ ಈ ದೃಷ್ಟಿಯಿಂದ ಮನನೀಯ.

ಕ್ವಿನೈನಿನಲ್ಲಿ ಒಟ್ಟಿಗಿದ್ದು ಆಮೇಲೆ ಅಗಲಿದ ಎರಡು ಗುಣಗಳನ್ನು ಮತ್ತೆ ಕೂಡಿಸುವ ಯತ್ನ ಈಗ ನಮ್ಮ ಬೆಂಗಳೂರಿನಲ್ಲಿಯೇ ನಡೆದಿದೆ ಎಂಬುದು ಸಂತೋಷದ ಸಂಗತಿ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಟಿ. ಗೋವಿಂದರಾಜು ಅವರ ತಂಡ ಅಮಿಲಾಯ್ಡನ್ನು ಗುರುತಿಸುವ ಪ್ರತಿದೀಪ್ತ ಅಣುಗಳನ್ನೂ ಅದನ್ನು ಚದುರಿಸಬಲ್ಲ ಅಣುಗಳನ್ನೂ ರೂಪಿಸುತ್ತ ಬಂದಿದೆ. ಅವರ ಟಿಜಿಆರ್63 ಎಂಬ ಅಣು ರೋಗಪೀಡಿತ ಇಲಿಗಳ ಮಿದುಳಿನಲ್ಲಿ ಅಮಿಲಾಯ್ಡನ್ನು ತಗ್ಗಿಸಿ ಅವುಗಳ ನೆನಪಿನ ಶಕ್ತಿಯನ್ನು ಸುಧಾರಿಸಿದ್ದು ವರದಿಯಾಗಿದೆ. ಗೋವಿಂದರಾಜು ಅವರಿಗೆ 2021ರ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂದಿದೆ. ಇಲಿಯಿಂದ ಮನುಷ್ಯನವರೆಗಿನ ದಾರಿ ಉದ್ದವಾದದ್ದು. ಆ ದಾರಿ ಸವೆಯುವವರೆಗೂ, ಸವೆದ ಮೇಲೂ, ಅಣು ಮಾಡಲಾರದ ಒಂದು ಕೆಲಸ ಮನುಷ್ಯರಿಗೆ ಉಳಿದೇ ಇರುತ್ತದೆ.

ಆ ಕೆಲಸದಲ್ಲಿ ನಮ್ಮಂಥ ಸಂಘಗಳಿಗೂ ಪಾಲಿದೆ ಎಂದು ನನ್ನ ನಂಬಿಕೆ. ವಯನಾಡಿನ ಕಾಡಂಚಿನಲ್ಲಿ ಕಾಟ್ಟುನಾಯಕರ ಮತ್ತು ಬೆಟ್ಟಕುರುಬರ ಮನೆಮಾತಿಗೆ ಕನ್ನಡದ ನೆಂಟಸ್ತಿಕೆ ಇದೆ. ಗಡಿಯ ಆಚೀಚೆ ಅವರ ಬಂಧುಗಳಿದ್ದಾರೆ. ಅವರ ಕೈಗೆ ಬರುವ ಪರೀಕ್ಷಾ ವರದಿ ಮಾತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಸಾವಿರಾರು ಕೋಟಿ ಅಣುಗಳು ಹೊಳೆದು ಹೇಳಿದ ಸುದ್ದಿ ಕೊನೆಯ ಗಜದಲ್ಲಿ, ರೋಗಿಯ ಕಿವಿಗೆ ತಲುಪುವ ಮುನ್ನ ಆರಿಹೋಗುವುದುಂಟು. ಭಾಷೆಯ ಸೇವೆ ಎಂದರೆ ಕವಿಗೋಷ್ಠಿ, ಸನ್ಮಾನ, ಸ್ಮರಣ ಸಂಚಿಕೆಗಳು ಹೌದು. ಆಸ್ಪತ್ರೆಯ ಬೆಂಚಿನ ಮೇಲೆ ಚೀಟಿ ಹಿಡಿದು ಕುಳಿತವರ ಪಕ್ಕದಲ್ಲಿ ಕುಳಿತು ಅದರಲ್ಲೇನಿದೆ ಎಂದು ಅವರ ಮಾತಿನಲ್ಲಿ ತಿಳಿಸುವುದು, ಆರು ತಿಂಗಳ ಮಾತ್ರೆ ಮುಗಿಯುವವರೆಗೆ ವಾರಕ್ಕೊಮ್ಮೆ ವಿಚಾರಿಸುವುದು ಕೂಡ ಅದೇ ಸೇವೆ. ಊರು ಬಿಟ್ಟು ದೂರ ನೆಲೆಸಿದ ಕನ್ನಡಿಗರಿಗೆ ಪರಭಾಷೆಯ ಆಸ್ಪತ್ರೆಯಲ್ಲಿ ಮಾತು ಸಿಗದೆ ನಿಲ್ಲುವ ಸಂಕಟದ ಪರಿಚಯ ಇದ್ದೇ ಇದೆ.

ನಮ್ಮ ಪರಂಪರೆ ದೇವಋಣ, ಋಷಿಋಣ, ಪಿತೃಋಣಗಳನ್ನು ಹೇಳಿತು. ರೋಗವನ್ನು ಇಷ್ಟು ಸೂಕ್ಷ್ಮವಾಗಿ ನೋಡಬಲ್ಲ ಈ ಕಾಲಕ್ಕೆ ಕಂಡವರ ಋಣವೆಂಬ ಇನ್ನೊಂದನ್ನು ಸೇರಿಸಬೇಕಾಗಿದೆ. ಒಬ್ಬರ ರಕ್ತವನ್ನೋ ಕಫವನ್ನೋ ಕಣ್ಣನ್ನೋ ಮಿದುಳನ್ನೋ ನೋಡಿದ ಮೇಲೆ ನಾವು ಅವರಿಗೆ ಸಾಲಗಾರರು. ಔಷಧವಿದ್ದರೆ ಅದನ್ನು ಕೊನೆಯ ಮಾತ್ರೆಯವರೆಗೆ ತಲುಪಿಸಬೇಕು. ಇಲ್ಲದಿದ್ದರೆ ಅನ್ನ, ಮಾತು, ಜೊತೆಯನ್ನಾದರೂ ಕೊಡಬೇಕು. ನೋಡಬೇಡಿ ಎಂದವರ ಮಾತಿಗೆ ತಲೆಬಾಗಬೇಕು. ಈ ಸಾಲವನ್ನು ವಿಜ್ಞಾನಿಯೊಬ್ಬನೇ ತೀರಿಸಲಾರ, ಸರ್ಕಾರವೊಂದೇ ತೀರಿಸಲಾರದು. ನೆರೆಯವರಾಗಿ, ಒಂದೇ ನದಿಯ ನೀರು ಕುಡಿಯುವವರಾಗಿ, ನಮ್ಮ ಪಾಲಿನ ಕಂತನ್ನು ನಾವು ಸಲ್ಲಿಸಬೇಕು.